ಬೇಳೆ ಬೇಯುವ ನೀರು

ನಮ್ಮಜ್ಜಿಯ ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ ರಾಸಾಯನಿಕ, ತೊಗರಿಬೇಳೆ. ಊರಲ್ಲಿ ಹೊಸ ಬೋರು ಕೊರೆದಾಗ ಗಂಡಸರೆಲ್ಲ ನೀರು ಎಷ್ಟು ಇಂಚು ಬಿತ್ತು ಎಂದು ಕೇಳಿಕೊಂಡು ಓಡಾಡುತ್ತಿದ್ದರೆ, ಅವಳು ಒಂದು ಬಿಂದಿಗೆ ತರಿಸಿಕೊಂಡು ಒಲೆಯ ಮೇಲೆ ಬೇಳೆಗೆ ಇಡುತ್ತಿದ್ದಳು. ಬೇಳೆ ಕರಗಿ ಹಿಟ್ಟಾದರೆ ಅದು ಸೀನೀರು, ಕುಡಿಯಬಹುದು. ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿದರೆ ಗಡಸು ನೀರು. ಅದು ದನಕ್ಕೆ, ಪಾತ್ರೆಗೆ. ಸೋಪು ನೊರೆ ಬರುತ್ತದೆಯೇ, ಹಂಡೆಯ ತಳಕ್ಕೆ ಸುಣ್ಣ ಕೂರುತ್ತದೆಯೇ ಎಂಬುದೆಲ್ಲ ಆಮೇಲಿನ ಸಾಕ್ಷಿ.

ಅವಳ ಪರೀಕ್ಷೆ ಸುಳ್ಳೇನಲ್ಲ. ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಬೇಳೆಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತವೆ; ಬೇಳೆ ಬಿಚ್ಚಿಕೊಳ್ಳುವುದಿಲ್ಲ. ಗಡಸುತನ ಅಳೆಯಲು ಬೇಳೆ ಒಳ್ಳೆಯ ಉಪಕರಣವೇ. ಆದರೆ ಬೇಳೆ ಏನನ್ನು ಹೇಳದೆ ಬಿಡುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಾವಗಡದ ಕಡೆ ಒಂದು ಸಣ್ಣ ಪ್ರಯೋಗಾಲಯದಲ್ಲಿ, ಸ್ಟೂಲಿನ ಮೇಲೆ ಕೂತು, ಕೆಮಿಸ್ಟ್ ಒಬ್ಬರ ಕೈಯನ್ನೇ ದಿನಗಟ್ಟಲೆ ನೋಡಿದಾಗ. ಅವರಿಗೆ ಹೆಸರು ಬೇಕಿಲ್ಲವಂತೆ. ‘ನೀರಿನ ಬಗ್ಗೆ ಬರೀರಿ, ಸಾಕು’ ಅಂದರು.

ನಾನು ಹೋದ ಮೊದಲ ದಿನವೇ ವಯಸ್ಸಾದ ಹೆಂಗಸೊಬ್ಬರು ಬಸ್ಸಿಳಿದು ಬಂದಿದ್ದರು. ಸೆರಗಿನ ಮರೆಯಲ್ಲಿ ಕೂಲ್‌ಡ್ರಿಂಕ್ಸ್ ಬಾಟಲಿ, ಅದರಲ್ಲಿ ತಮ್ಮ ತೋಟದ ಬೋರಿನ ನೀರು. ಕುಡಿಯೋಕಾಗುತ್ತಾ, ಟೊಮೇಟೊಗೆ ಬಿಡೋಕಾಗುತ್ತಾ ನೋಡಿ ಎಂದರು. ಕೆಮಿಸ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು. ‘ಅಮ್ಮ, ಇದರಲ್ಲಿ ನಿಮ್ಮ ಬೋರೂ ಇದೆ, ಕಂಪನಿಯವರ ಸಕ್ಕರೇನೂ ಇದೆ. ಯಾವುದನ್ನ ಅಳೀಲಿ?’ ಆಮೇಲೆ ಒಂದು ಲೀಟರಿನ ಬಿಳಿ ಪ್ಲಾಸ್ಟಿಕ್ ಬಾಟಲಿ ಕೊಟ್ಟು, ನೀರು ಹಿಡಿಯುವುದು ಹೇಗೆ ಎಂದು ಮದ್ದು ಅರೆಯುವ ಕ್ರಮ ಹೇಳುವಂತೆ ಹೇಳಿದರು. ಮೋಟಾರು ಹಾಕಿ ಹತ್ತು ಹದಿನೈದು ನಿಮಿಷ ನೀರು ಹರಿಯಲಿ. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಕಬ್ಬಿಣದ ಕಥೆ ಹೇಳುತ್ತದೆಯೇ ಹೊರತು ನೆಲದ ಕಥೆಯನ್ನಲ್ಲ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ. ಗಾಳಿಗೆ ಜಾಗ ಬಿಡದೆ ಕಂಠಮಟ್ಟ ತುಂಬಿ ಮುಚ್ಚಳ ಬಿಗಿಯಿರಿ. ಸಿಸ್ಟನ್ನಿನಿಂದ ಬೇಡ, ಬೋರಿನ ಬಾಯಿಂದಲೇ ಹಿಡಿಯಿರಿ.

ಗಾಳಿಗೆ ಜಾಗ ಬಿಡಬಾರದು ಎಂಬುದರ ಹಿಂದೆ ಒಂದು ಸೊಗಸಾದ ಕಾರಣವಿದೆ. ನೆಲದೊಳಗಿನ ನೀರು ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ಹಿಡಿದುಕೊಂಡಿರುತ್ತದೆ, ಸ್ವಲ್ಪ ಸೋಡಾ ಬಾಟಲಿಯ ಹಾಗೆ. ಮೇಲೆ ಬಂದದ್ದೇ ಅದು ಹಾರಿಹೋಗಲು ಶುರು. ಹಾರಿದಷ್ಟೂ ನೀರಿನ ಪಿಎಚ್ ಏರುತ್ತದೆ, ಏರಿದಷ್ಟೂ ಸುಣ್ಣ ಕೆಳಗೆ ಕೂರುತ್ತದೆ. ಬೆಳಿಗ್ಗೆ ಹಿಡಿದ ನೀರು ಸಂಜೆಗೆ ಬೇರೆಯೇ ನೀರು. ಅದಕ್ಕೇ ಪಿಎಚ್ ಮತ್ತು ತಾಪಮಾನವನ್ನು ಸಾಧ್ಯವಾದರೆ ಬೋರಿನ ಪಕ್ಕದಲ್ಲೇ ಅಳೆಯಬೇಕು. ಕಬ್ಬಿಣವಿರುವ ನೀರು ಇದನ್ನು ಕಣ್ಣಿಗೇ ತೋರಿಸುತ್ತದೆ: ಬೋರಿನಿಂದ ಬರುವಾಗ ಸ್ಫಟಿಕದ ಹಾಗೆ, ಬಕೆಟ್ಟಿನಲ್ಲಿ ಅರ್ಧ ಗಂಟೆ ನಿಂತರೆ ಕೆಮ್ಮಣ್ಣಿನ ಬಣ್ಣ. ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ, ಅದಕ್ಕೆ ಸ್ಥಳದಲ್ಲೇ ನೈಟ್ರಿಕ್ ಆಮ್ಲದ ಹನಿ. ಬ್ಯಾಕ್ಟೀರಿಯಾ ನೋಡಬೇಕಾದರೆ ಕುದಿಸಿ ಶುದ್ಧಗೊಳಿಸಿದ ಮತ್ತೊಂದು ಬಾಟಲಿ, ಐಸ್ ಪೆಟ್ಟಿಗೆಯಲ್ಲಿ ಓಡೋಡಿ ತರಬೇಕು. ಫ್ಲೋರೈಡ್‌ಗೆ ಮಾತ್ರ ಗಾಜು ಬೇಡ, ಪ್ಲಾಸ್ಟಿಕ್ಕೇ ಬೇಕು. ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ.

ಬಾಟಲಿಯ ಮೇಲಿನ ಚೀಟಿಯೂ ಅರ್ಧ ಪರೀಕ್ಷೆಯೇ. ಬೋರಿನ ಆಳ ಎಷ್ಟು, ಕೇಸಿಂಗ್ ಎಲ್ಲಿಯವರೆಗೆ, ಮಳೆಗೆ ಮುಂಚೆ ಹಿಡಿದದ್ದೋ ಆಮೇಲೋ, ಸುತ್ತ ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿ ಇದೆಯೇ. ನಾಡಿ ಹಿಡಿಯುವ ಮೊದಲು ಊಟ ನಿದ್ದೆ ವಿಚಾರಿಸುವ ವೈದ್ಯರ ಹಾಗೆ ಇವರು ಇದನ್ನೆಲ್ಲ ಕೇಳುತ್ತಾರೆ. ಸಂಖ್ಯೆ ಬಂದಮೇಲೆ ಅದಕ್ಕೆ ಅರ್ಥ ಕೊಡುವುದು ಈ ಚೀಟಿ.

ಮೂರು ದಿನ ಬಿಟ್ಟು ಆಕೆಯ ಬಾಟಲಿ ಬಂತು. ನನಗೆ ಬೇಕಾದದ್ದು ಈಗ ಶುರುವಾಯಿತು.

ಗಡಸುತನದಿಂದ ಆರಂಭ. ಐವತ್ತು ಮಿಲಿಲೀಟರು ನೀರನ್ನು ಫ್ಲಾಸ್ಕಿಗೆ ಹಾಕಿ, ಅಮೋನಿಯಾ ಬಫರ್ ಸೇರಿಸಿದರು, ಕೋಣೆಯೆಲ್ಲ ಘಾಟು. ಎರಿಯೋಕ್ರೋಮ್ ಬ್ಲ್ಯಾಕ್ ಎಂಬ ಕಪ್ಪು ಪುಡಿ ಒಂದು ಚಿಟಿಕೆ ಬಿದ್ದದ್ದೇ ನೀರು ನೇರಳೆ ಹಣ್ಣಿನ ರಸದಂತೆ ಕೆಂಪಾಯಿತು. ಮೇಲೆ ಬ್ಯೂರೆಟ್ಟಿನಲ್ಲಿ ಇಡಿಟಿಎ. ಎಡಗೈ ನಲ್ಲಿಯ ಮೇಲೆ, ಬಲಗೈ ಫ್ಲಾಸ್ಕನ್ನು ತಿರುಗಿಸುತ್ತಾ ಇರುತ್ತದೆ. ಮೊದಮೊದಲು ಧಾರೆ, ಆಮೇಲೆ ಹನಿ, ಕೊನೆಗೆ ಹನಿಯೂ ಇಲ್ಲ, ಅರ್ಧ ಹನಿ. ತುದಿಯಲ್ಲಿ ತೂಗುತ್ತಿರುವ ಅದನ್ನು ಫ್ಲಾಸ್ಕಿನ ಕಂಠಕ್ಕೆ ತಾಗಿಸಿ ತೊಳೆದು ಇಳಿಸುತ್ತಾರೆ. ಕೆಂಪು ಹೋಗಿ ನೀಲಿ ಬರುವ ಮುಂಚೆ ಒಂದು ಕ್ಷಣ ಯಾವ ಬಣ್ಣವೂ ಅಲ್ಲದ ಬಣ್ಣ ಇರುತ್ತದೆ. ಹೊಸಬರು ಅಲ್ಲಿ ಅವಸರ ಮಾಡುತ್ತಾರಂತೆ. ಕೆಂಪಿನ ಕೊನೆಯ ಎಳೆ ಕರಗಿ ಅಪ್ಪಟ ನೀಲಿಯಾದಾಗ ನಲ್ಲಿ ನಿಲ್ಲಬೇಕು. ಅಷ್ಟೂ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಇಡಿಟಿಎ ಅಪ್ಪಿಕೊಂಡಿತು ಎಂದು ಆ ನೀಲಿ ಹೇಳುತ್ತದೆ. ಈ ವಿದ್ಯೆಯನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಶ್ವಾರ್ಜೆನ್‌ಬಾಖ್, 1940ರ ದಶಕದಲ್ಲಿ. ಅದಕ್ಕೆ ಮುಂಚೆ ಗಡಸುತನವನ್ನು ಅಳೆಯುತ್ತಿದ್ದದ್ದು ಸೋಪಿನ ದ್ರಾವಣ ಹಾಕಿ, ಬಾಟಲಿ ಕುಲುಕಿ, ನೊರೆ ನಿಲ್ಲುತ್ತದೆಯೇ ಎಂದು ನೋಡಿ. ಅಂದರೆ ವಿಜ್ಞಾನವೂ ಬಹಳ ಕಾಲ ನಮ್ಮಜ್ಜಿಯ ದಾರಿಯಲ್ಲೇ ಇತ್ತು.

ಕ್ಲೋರೈಡಿನದು ಇನ್ನೂ ಹಳೆಯ ವಿಧಾನ, 1856ರ ಮೋರ್ ಎಂಬಾತನದು. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದ ನಿಂಬೆ ಹಳದಿಯ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೆ, ಕ್ಲೋರೈಡ್ ಮುಗಿದ ಕೂಡಲೇ ಇಟ್ಟಿಗೆಯ ಬಣ್ಣ ಇಣುಕುತ್ತದೆ. ಬೆಳ್ಳಿಯ ರಾಸಾಯನಿಕ ದುಬಾರಿ, ಆದ್ದರಿಂದ ಇಲ್ಲಿ ಕೈ ತುಸು ಬಿಗಿ. ಬೈಕಾರ್ಬನೇಟಿಗೆ ಆಮ್ಲ, ಸಲ್ಫೇಟಿಗೆ ಬೇರಿಯಂ ಹಾಕಿ ಬರುವ ಬಿಳಿ ಮಂಜು. ಸೋಡಿಯಂಗೆ ಜ್ವಾಲೆ: ಅನ್ನದ ಗಂಜಿ ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿಯಾಗುವುದನ್ನು ನೋಡಿದವರಿಗೆ ಫ್ಲೇಮ್ ಫೋಟೋಮೀಟರನ್ನು ಬೇರೆ ವಿವರಿಸಬೇಕಿಲ್ಲ, ಆ ಹಳದಿ ಎಷ್ಟು ಗಾಢ ಎಂದು ಯಂತ್ರ ಎಣಿಸುತ್ತದೆ. ಫ್ಲೋರೈಡ್ ಮಾತ್ರ ತಿರುಗಾಮುರುಗ. ಕೆಂಪು ಬಣ್ಣದ ದ್ರಾವಣದಿಂದ ಜಿರ್ಕೋನಿಯಂ ಅನ್ನು ಅದು ಕಸಿದುಕೊಳ್ಳುತ್ತದೆ. ಬಣ್ಣ ಎಷ್ಟು ಮಾಸಿತೋ ಅಷ್ಟು ಫ್ಲೋರೈಡ್. ಹೆಂಗಸಿನ ನೀರು ಹಾಕಿದಾಗ ಬಣ್ಣ ಚೆನ್ನಾಗಿಯೇ ಮಾಸಿತು. ಕೆಮಿಸ್ಟರು ಏನೂ ಹೇಳಲಿಲ್ಲ, ಮತ್ತೊಂದು ಸಲ ಮಾಡಿದರು.

ಸಂಜೆಗೆ ಹಾಳೆಯ ಮೇಲೆ ಹನ್ನೊಂದು ಸಂಖ್ಯೆ ಕೂತಿದ್ದವು. ಇನ್ನೇನು ಮುಗಿಯಿತು ಎಂದುಕೊಂಡೆ. ಅವರು ಕ್ಯಾಲ್ಕುಲೇಟರ್ ತೆಗೆದರು. ನನ್ನ ಪಾಲಿಗೆ ಈ ಕಸುಬಿನ ನಿಜವಾದ ಸೊಬಗು ಇಲ್ಲಿದೆ.

ನೀರಿನಲ್ಲಿ ಕರಗಿದ ಲವಣ ಎರಡು ಪಂಗಡವಾಗಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಧನ ಅಯಾನುಗಳು. ಬೈಕಾರ್ಬನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್ ಋಣ ಅಯಾನುಗಳು. ನೀರಿನಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ, ಅಂದರೆ ಎರಡೂ ಕಡೆಯ ವಿದ್ಯುದಂಶ ಸಮ ಇರಲೇಬೇಕು. ಆದರೆ ಮಿಲಿಗ್ರಾಂಗಳಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಒಂದೊಂದು ಅಯಾನಿನ ತೂಕ ಒಂದೊಂದು. ಅದಕ್ಕೆ ಪ್ರತಿ ಸಂಖ್ಯೆಯನ್ನೂ ಅದರದರ ತುಲ್ಯ ತೂಕದಿಂದ ಭಾಗಿಸುತ್ತಾರೆ: ಕ್ಯಾಲ್ಸಿಯಂ ಆದರೆ 20, ಸೋಡಿಯಂ 23, ಬೈಕಾರ್ಬನೇಟ್ 61, ಕ್ಲೋರೈಡ್ 35.5. ಬರುವುದು ಮಿಲಿ ಈಕ್ವಿವಲೆಂಟ್. ರೂಪಾಯಿ, ಡಾಲರು, ದಿರ್ಹಾಮುಗಳನ್ನೆಲ್ಲ ಒಂದೇ ನಾಣ್ಯಕ್ಕೆ ತಂದ ಹಾಗೆ.

ಆಕೆಯ ನೀರಿನ ಲೆಕ್ಕ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಇದೆ. ಓದಲು ಸುಲಭವಾಗಲೆಂದು ದಶಮಾಂಶಗಳನ್ನು ಒರೆಸಿ ಕೊಡುತ್ತೇನೆ. ಲೀಟರಿಗೆ ಕ್ಯಾಲ್ಸಿಯಂ 40 ಮಿಲಿಗ್ರಾಂ, ಅಂದರೆ 2. ಮೆಗ್ನೀಸಿಯಂ 24, ಅದೂ 2. ಸೋಡಿಯಂ 230, ಅಂದರೆ 10. ಪೊಟ್ಯಾಸಿಯಂ ಪುಡಿಕಾಸು, 0.1. ಒಟ್ಟು 14.1. ಈ ಕಡೆ ಬೈಕಾರ್ಬನೇಟ್ 549 ಮಿಲಿಗ್ರಾಂ, ಅಂದರೆ 9. ಕ್ಲೋರೈಡ್ 3.5, ಸಲ್ಫೇಟ್ 1, ನೈಟ್ರೇಟ್ 0.5, ಫ್ಲೋರೈಡ್ 2.1 ಮಿಲಿಗ್ರಾಂ, ಅಂದರೆ 0.1. ಕೂಡಿದರೆ 14.1.

ತಾಳೆಯಾಯಿತು. ಐದು ಬೇರೆ ಬೇರೆ ವಿಧಾನ, ಹತ್ತು ಬಾಟಲಿ ರಾಸಾಯನಿಕ, ಒಂದು ಜ್ವಾಲೆ, ಇಡೀ ದಿನದ ಕೈಕೆಲಸ. ಕೊನೆಗೆ ಕಿರಾಣಿ ಅಂಗಡಿಯ ಜಮಾ ಖರ್ಚಿನ ಹಾಗೆ ಎರಡೂ ಕಡೆ ಹೊಂದಿ ಕೂತಿತು. ಸಾಮಾನ್ಯವಾಗಿ ನೂರಕ್ಕೆ ಐದರೊಳಗಿನ ವ್ಯತ್ಯಾಸವನ್ನು ಒಪ್ಪುತ್ತಾರೆ. ಅದಕ್ಕೂ ಮೇಲೆ ಹೋದರೆ ಎಲ್ಲೋ ಬ್ಯೂರೆಟ್ಟು ತಪ್ಪಿ ಓದಿದೆ, ಇಲ್ಲವೇ ಅಳೆಯದ ಯಾವುದೋ ಅಯಾನು ನೀರಲ್ಲಿ ಅಡಗಿದೆ; ಮತ್ತೆ ಮಾಡಬೇಕು. ಯಾರ ಕಣ್ಗಾವಲೂ ಇಲ್ಲದ ಕೋಣೆಯಲ್ಲಿ ನೀರೇ ಕೆಮಿಸ್ಟನ ಮೇಲ್ವಿಚಾರಕ. ವರದಿಗಳಲ್ಲಿ ಈ ತಾಳೆಯನ್ನು ಕೊಡದೆ ಬರೀ ಸಂಖ್ಯೆಗಳನ್ನು ಪಟ್ಟಿ ಮಾಡುವವರನ್ನು ಕಂಡರೆ ನನಗೆ ಈಗ ಅನುಮಾನ.

ಇನ್ನು ಓದುವುದು. ಕುಡಿಯುವ ನೀರಿಗೆ ನಮ್ಮಲ್ಲಿ ಇರುವ ಪ್ರಮಾಣ ಭಾರತೀಯ ಮಾನಕ ಬ್ಯೂರೋದ ಐಎಸ್ 10500. ಅದರಲ್ಲಿ ಒಂದೊಂದು ಅಂಶಕ್ಕೂ ಎರಡು ಗೆರೆ: ಇಷ್ಟಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ ಇಷ್ಟರವರೆಗೆ ಸಹಿಸಬಹುದು. ಕರಗಿದ ಒಟ್ಟು ಲವಣಕ್ಕೆ 500 ಮತ್ತು 2000. ಗಡಸುತನಕ್ಕೆ 200 ಮತ್ತು 600. ಫ್ಲೋರೈಡಿಗೆ 1 ಮತ್ತು 1.5. ನೈಟ್ರೇಟಿಗೆ ಮಾತ್ರ 45 ಎಂಬ ಒಂದೇ ಗೆರೆ, ರಿಯಾಯಿತಿ ಇಲ್ಲ. ‘ಬೇರೆ ನೀರು ಸಿಗದಿದ್ದರೆ’ ಎಂಬ ಷರತ್ತನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಬರಗಾಲದ ದೇಶವೊಂದು ಬರೆದ ಪ್ರಮಾಣ ಎಂದು ಆ ಒಂದು ಸಾಲಿನಿಂದ ಗೊತ್ತಾಗುತ್ತದೆ.

ಆಕೆಯ ನೀರಿನ ಗಡಸುತನ 200. ಲವಣ ಸುಮಾರು 770. ಬಾಯಿಗೆ ಹಿತ. ಬೇಳೆ ಬೆಣ್ಣೆಯಂತೆ ಬೇಯುವ ನೀರು ಇದು. ಫ್ಲೋರೈಡ್ 2.1.

ಈ ಎರಡು ಸಂಗತಿ ಒಟ್ಟಿಗೆ ಬಂದದ್ದು ಕಾಕತಾಳೀಯವಲ್ಲ ಎಂಬುದೇ ನಾನು ಅಲ್ಲಿ ಕಲಿತ ಪಾಠ. ಪಾವಗಡದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟಿನವು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರನ್ನೇ ಆ ಕಲ್ಲಿಗೆ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷದ ಕಲ್ಲು, ದಕ್ಷಿಣದಿಂದ ಬಳ್ಳಾರಿಯ ಕಡೆಗೆ ಬೆನ್ನುಮೂಳೆಯ ಹಾಗೆ ಚಾಚಿಕೊಂಡಿದೆ. ಅದರೊಳಗಿನ ಅಭ್ರಕ, ಅಪಟೈಟ್, ಫ್ಲೋರೈಟ್‌ಗಳಲ್ಲಿ ಫ್ಲೋರಿನ್ ಇದೆ. ಮಳೆಯ ನೀರು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ತುಸು ಹುಳಿಯಾಗಿ ಬಿರುಕುಗಳಲ್ಲಿ ಇಳಿಯುತ್ತದೆ. ಕಲ್ಲನ್ನು ನೆಕ್ಕುತ್ತಾ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟನ್ನು ಕೂಡಿಸಿಕೊಳ್ಳುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯಲ್ಲಿ ನೀರು ಸಾಂದ್ರವಾಗುತ್ತಾ ಹೋದಂತೆ ಕ್ಯಾಲ್ಸಿಯಂ ಸುಣ್ಣದ ಗಂಟಾಗಿ ನೆಲದಲ್ಲೇ ಕಳಚಿಕೊಳ್ಳುತ್ತದೆ, ಸೋಡಿಯಂ ನೀರಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಇದ್ದಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡಾಗಿ ಕೂರಿಸುತ್ತಿತ್ತು. ಅದು ಜಾಗ ಖಾಲಿ ಮಾಡಿದ ಮೇಲೆ ಫ್ಲೋರೈಡಿಗೆ ಲಗಾಮಿಲ್ಲ. ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜತೆ ಸಂಸಾರ ಮಾಡಿದ ಕಾಲವೂ ಹೆಚ್ಚು. ಹಳೆಯ ತೆರೆದ ಬಾವಿಗಳು ಬತ್ತಿ, ಸಾವಿರ ಅಡಿಯ ಬೋರುಗಳು ಬಂದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದ್ದರ ಹಿಂದೆ ಇಷ್ಟು ರಸಾಯನಶಾಸ್ತ್ರವಿದೆ. ಹಲ್ಲಾದ ಮೇಲೆ ಮೂಳೆ. ಬೆನ್ನು ಬಾಗದ, ಕತ್ತು ತಿರುಗದ ನಡುವಯಸ್ಸಿನವರು. ಭಾರತದಲ್ಲಿ ಇದನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ.

ಕುದಿಸಿದರೆ ಹೋಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕುದಿಸಿದರೆ ಹೋಗುವುದು ನೀರು. ಫ್ಲೋರೈಡ್ ಉಳಿದ ನೀರಲ್ಲಿ ಇನ್ನೂ ದಟ್ಟವಾಗುತ್ತದೆ.

ಜೇಬಿನಲ್ಲಿ ಟಿಡಿಎಸ್ ಪೆನ್ನು ಇಟ್ಟುಕೊಂಡು ಮನೆಮನೆಗೆ ಬರುವವರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಪೆನ್ನು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು ಮಾತ್ರ. ಅದನ್ನು ಒಂದು ಗುಣಕದಿಂದ ಗುಣಿಸಿ ಲವಣ ಎಂದು ತೋರಿಸುತ್ತದೆ. 770ರಲ್ಲಿ ಎರಡು ಮಿಲಿಗ್ರಾಂ ಫ್ಲೋರೈಡ್ ಇದೆಯೋ ಇಲ್ಲವೋ ಎಂದು ಅದಕ್ಕೆ ಗೊತ್ತಾಗುವುದು ಹುಣಸೆಹುಳಿಯ ಬಣ್ಣ ನೋಡಿ ಉಪ್ಪು ಹೇಳಿದ ಹಾಗೆ. ಇನ್ನು ಕೆಲವರು ಎರಡು ಲೋಟಕ್ಕೆ ತಂತಿ ಇಳಿಬಿಟ್ಟು, ನಿಮ್ಮ ನಲ್ಲಿ ನೀರು ಕೊಚ್ಚೆಯ ಬಣ್ಣಕ್ಕೆ ತಿರುಗುವುದನ್ನೂ ತಮ್ಮ ಯಂತ್ರದ ನೀರು ತಿಳಿಯಾಗಿಯೇ ಇರುವುದನ್ನೂ ತೋರಿಸುತ್ತಾರೆ. ನಮ್ಮ ಮನೆಗೂ ಒಬ್ಬ ಬಂದಿದ್ದ, ನಾನೂ ಹೌಹಾರಿದ್ದೆ. ಆ ಕೊಚ್ಚೆ ಅವರ ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಲವಣವಿರುವ ನೀರು ಕರೆಂಟು ಹರಿಸುತ್ತದೆ, ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರು ಹರಿಸುವುದಿಲ್ಲ, ಅಷ್ಟೇ. ಕೆಮಿಸ್ಟರಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ಜೋರಾಗಿ ನಕ್ಕರು.

ಟೊಮೇಟೊದ ಪ್ರಶ್ನೆ ಹಾಗೇ ಇತ್ತು. ನೀರಾವರಿಗೆ ನೀರನ್ನು ನೋಡುವ ಕಣ್ಣೇ ಬೇರೆ. ಇಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಪಕ್ಕಕ್ಕೆ ಸರಿಯುತ್ತದೆ, ಸೋಡಿಯಂ ಮುಂದೆ ಬಂದು ಕೂರುತ್ತದೆ.

ಮೊದಲು ಒಟ್ಟು ಲವಣ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಅದು ನೀರು ಬಿಡುತ್ತದಲ್ಲ, ಉಪ್ಪು ನೀರಿರುವ ಮಣ್ಣಿನಲ್ಲಿ ಬೇರಿಗೂ ಅದೇ ಗತಿ. ನೀರು ಸುತ್ತ ಇದ್ದರೂ ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಹತ್ತಿ, ಬಾರ್ಲಿ ಬಹಳ ತಡೆಯುತ್ತವೆ. ಹುರುಳಿಕಾಯಿ, ಈರುಳ್ಳಿ ಬೇಗ ಸೋಲುತ್ತವೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಎಲೆಯ ಅಂಚು ಸುಟ್ಟ ಹಾಗಾದರೆ ಕ್ಲೋರೈಡಿನ ಮೇಲೆ ಅನುಮಾನ ಬರಬೇಕು.

ಆಮೇಲೆ ಮಣ್ಣು. ಜೇಡಿಯ ಕಣಗಳು ತಮ್ಮ ಮೈಮೇಲೆ ಕ್ಯಾಲ್ಸಿಯಂ ಹೊತ್ತಿರುವವರೆಗೆ ಗುಂಪುಗುಂಪಾಗಿ ಕೂಡಿಕೊಂಡು ನಡುವೆ ನೀರಿಗೂ ಗಾಳಿಗೂ ದಾರಿ ಬಿಡುತ್ತವೆ. ಸೋಡಿಯಂ ಬಂದು ಕ್ಯಾಲ್ಸಿಯಂನ ಜಾಗ ಹಿಡಿದರೆ ಗುಂಪು ಒಡೆಯುತ್ತದೆ, ಕಣಗಳು ಉಬ್ಬಿ ಚದುರಿ ಸಂದುಗಳನ್ನೆಲ್ಲ ಮೆತ್ತಿಬಿಡುತ್ತವೆ. ಹೊಲ ಒಣಗಿದಾಗ ಮೇಲೆ ಹೆಕ್ಕಳೆ, ನೆನೆದಾಗ ಕೆಸರು, ನೀರು ಬಿಟ್ಟರೆ ಇಂಗದೆ ನಿಲ್ಲುತ್ತದೆ. ಆದ್ದರಿಂದ ಕೇಳಬೇಕಾದ್ದು ಸೋಡಿಯಂ ಎಷ್ಟು ಎಂದಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂಗಳ ಎದುರು ಎಷ್ಟು ಎಂದು. ಈ ಅನುಪಾತಕ್ಕೆ ಎಸ್‌ಎಆರ್ ಎಂದು ಹೆಸರು: ಸೋಡಿಯಂ ಅನ್ನು, ಕ್ಯಾಲ್ಸಿಯಂ ಮೆಗ್ನೀಸಿಯಂ ಮೊತ್ತದ ಅರ್ಧದ ವರ್ಗಮೂಲದಿಂದ ಭಾಗಿಸಬೇಕು. ಆಕೆಯ ನೀರಿಗೆ ಹತ್ತನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ ಏಳು.

ಹತ್ತರೊಳಗಿದ್ದರೆ ಕ್ಷೇಮ ಎಂದು ಎಷ್ಟೋ ಕೈಪಿಡಿಗಳು ಬರೆದುಬಿಡುತ್ತವೆ. ಕೆಮಿಸ್ಟರು ಅದಕ್ಕೆ ಒಪ್ಪಲಿಲ್ಲ. ಗೋಡೆಗೆ ಅಂಟಿಸಿದ್ದ ಹಳೆಯ ನಕ್ಷೆಯ ಹತ್ತಿರ ಕರೆದೊಯ್ದರು. 1954ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಅಮೆರಿಕದ ಲವಣ ಮಣ್ಣಿನ ಪ್ರಯೋಗಾಲಯ ಹೊರತಂದ ಹ್ಯಾಂಡ್‌ಬುಕ್ 60ರ ನಕ್ಷೆ ಅದು. ಎಪ್ಪತ್ತು ವರ್ಷವಾದರೂ ನಮ್ಮ ಜಿಲ್ಲೆಗಳ ವರದಿಗಳಲ್ಲಿ ಇನ್ನೂ ಜೀವಂತ. ಅಡ್ಡಕ್ಕೆ ವಿದ್ಯುತ್ ವಾಹಕತೆ: 250, 750, 2250ರಲ್ಲಿ ಗೆರೆ ಕೊಯ್ದು ಸಿ1ರಿಂದ ಸಿ4. ಉದ್ದಕ್ಕೆ ಎಸ್‌ಎಆರ್: ಎಸ್1ರಿಂದ ಎಸ್4. ಆದರೆ ಎಸ್ ಗೆರೆಗಳು ಮಟ್ಟಸವಾಗಿಲ್ಲ, ಎಡದಿಂದ ಬಲಕ್ಕೆ ಇಳಿಜಾರು. ಲವಣ ಹೆಚ್ಚಿದಷ್ಟೂ ಕಡಿಮೆ ಎಸ್‌ಎಆರ್ ಕೂಡ ಮೇಲಿನ ಮನೆಗೆ ಹೋಗುತ್ತದೆ. ಈ ನೀರಿನ ವಾಹಕತೆ ಸುಮಾರು 1300. ಅಲ್ಲಿ ಎಸ್1ರ ಗಡಿ ಐದರ ಹತ್ತಿರಕ್ಕೆ ಇಳಿದಿದೆ. ಏಳು ಎಂಬುದು ಅದನ್ನು ದಾಟಿ ಸಿ3-ಎಸ್2 ಮನೆಯಲ್ಲಿ ಕೂತಿತು. ಗೆರೆ ಓರೆಯಾಗಿದೆ ಎಂಬುದನ್ನು ಗಮನಿಸದವನು ಇದೇ ನೀರಿಗೆ ಒಳ್ಳೆಯ ಸರ್ಟಿಫಿಕೇಟು ಕೊಟ್ಟು ಕಳಿಸುತ್ತಿದ್ದ. ಆಮೇಲೆ ಬಂದ ಸಂಶೋಧಕರು ಈ ನಕ್ಷೆಯನ್ನೂ ತಿದ್ದಿದ್ದಾರೆ. ಲವಣ ತೀರಾ ಕಡಿಮೆ ಇದ್ದು ಸೋಡಿಯಂನದೇ ಮೇಲುಗೈಯಾದ ನೀರು ಮಣ್ಣಿನ ಇಂಗುವಿಕೆಯನ್ನು ಇನ್ನೂ ಬೇಗ ಕೆಡಿಸುತ್ತದೆ ಎಂಬುದು ಈಗ ಗೊತ್ತಿರುವ ಮಾತು.

ಅಸಲಿ ಆಪತ್ತು ಇನ್ನೊಂದು ಲೆಕ್ಕದಲ್ಲಿತ್ತು. ಬೈಕಾರ್ಬನೇಟ್ 9. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 4. ಹೊಲದಲ್ಲಿ ನೀರು ಆರುತ್ತಾ ಹೋದಂತೆ ಬೈಕಾರ್ಬನೇಟು ಆ ನಾಲ್ಕನ್ನೂ ಸುಣ್ಣವಾಗಿಸಿ ಕೂರಿಸಿಬಿಡಬಲ್ಲದು. ಆಮೇಲೂ ಐದು ಉಳಿಯುತ್ತದೆ, ಸೋಡಿಯಂನ ಜತೆಗಾರನಾಗಿ. ಶೇಷ ಸೋಡಿಯಂ ಕಾರ್ಬನೇಟ್ ಎಂದು ಇದರ ಹೆಸರು. 1.25ರೊಳಗಿದ್ದರೆ ಚಿಂತೆಯಿಲ್ಲ, 2.5 ದಾಟಿದರೆ ನೀರಾವರಿಗೆ ಆಗದು ಎನ್ನುತ್ತಾರೆ. ಇಲ್ಲಿ 5. ಇವತ್ತು ಬಿಟ್ಟರೆ ನಾಳೆ ಟೊಮೇಟೊ ಒಣಗುವುದಿಲ್ಲ. ನಾಲ್ಕೈದು ವರ್ಷ ಬಿಡುತ್ತಾ ಹೋದರೆ ಹೊಲ ಸವಳಾಗುತ್ತದೆ, ಅದೂ ಎರೆಮಣ್ಣಾದರೆ ಇನ್ನೂ ಬೇಗ. ಕೆಂಪು ಮರಳುಮಣ್ಣು ಸ್ವಲ್ಪ ಕ್ಷಮಿಸುತ್ತದೆ. ಇದಕ್ಕೆ ಮದ್ದು ಜಿಪ್ಸಂ, ಅಂದರೆ ಹೊರಗಿನಿಂದ ಕ್ಯಾಲ್ಸಿಯಂ ತಂದು ಕೊಡುವುದು. ಒಂದು ಲಕ್ಷ ಲೀಟರು ನೀರಿನಲ್ಲಿ ಒಂದು ಮಿಲಿ ಈಕ್ವಿವಲೆಂಟ್ ತಗ್ಗಿಸಲು ಎಂಟೂವರೆ ಕಿಲೋಗೆ ತುಸು ಮೇಲೆ ಶುದ್ಧ ಜಿಪ್ಸಂ ಬೇಕು. ಐದನ್ನು ಎರಡೂವರೆಗೆ ಇಳಿಸಲು ಹೆಚ್ಚುಕಡಿಮೆ ಇಪ್ಪತ್ತೊಂದೂವರೆ. ಕೆಮಿಸ್ಟರು ವರದಿಯ ಅಂಚಿನಲ್ಲಿ ಇದನ್ನು ಪೆನ್ಸಿಲಿನಲ್ಲಿ ಬರೆದರು. ಅದು ಅವರ ಕೆಲಸವಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ನೀರೂ ಅದೇ ವಾರ ಬಂದಿತ್ತು. ಊರ ನಡುವಿನ ಬೋರು, ಚೀಟಿಯಲ್ಲಿ ‘ಪಕ್ಕದಲ್ಲಿ ತಿಪ್ಪೆಗಳಿವೆ’ ಎಂದಿತ್ತು. ಗಡಸುತನ 550, ನೈಟ್ರೇಟ್ 124. ಗೊಬ್ಬರ, ಗಂಜಲ, ಶೌಚದ ಗುಂಡಿ ಎಲ್ಲದರ ಸಾರ ಇಳಿದ ನೀರು. ಹಸುಗೂಸಿನ ಹಾಲಿಗೆ ಬೆರೆಸಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಮರೆತು ಮಗು ನೀಲಿಗಟ್ಟಬಹುದು. ಅದೇ ನೀರು ಹೊಲಕ್ಕೆ ಗೊಬ್ಬರ: ಲಕ್ಷ ಲೀಟರಿಗೆ ಎರಡೂಮುಕ್ಕಾಲು ಕಿಲೋ ಸಾರಜನಕ, ಅಂದರೆ ಸುಮಾರು ಆರು ಕಿಲೋ ಯೂರಿಯಾ ಪುಕ್ಕಟೆ. ಎಸ್‌ಎಆರ್ ಎರಡು ಚಿಲ್ಲರೆ, ಶೇಷ ಕಾರ್ಬನೇಟ್ ಇಲ್ಲವೇ ಇಲ್ಲ. ಡ್ರಿಪ್ಪಿನ ತೂತು ಸುಣ್ಣ ಕಟ್ಟಿಕೊಳ್ಳುತ್ತದೆ ಎಂಬುದೊಂದೇ ತಕರಾರು. ಅಜ್ಜಿ ತಳ್ಳಿಹಾಕುತ್ತಿದ್ದದ್ದು ಈ ನೀರನ್ನೇ. ಕಾರಣ ಬೇರೆಯಾದರೂ ತೀರ್ಪು ಸರಿ. ವರದಿ ಓದುವಾಗ ಒಂದು ಎಚ್ಚರ: ಕೆಲವು ಕಡೆ ನೈಟ್ರೇಟನ್ನು ಬರೀ ಸಾರಜನಕದ ಲೆಕ್ಕದಲ್ಲಿ ಕೊಡುತ್ತಾರೆ. ಆಗ ಈ 124 ಕೇವಲ 28 ಆಗಿ ಕಾಣುತ್ತದೆ, ಗೆರೆ 45ರಿಂದ 10ಕ್ಕೆ ಇಳಿದಿರುತ್ತದೆ. ಗೆರೆ ಮರೆತವನು ಬಚಾವು ಎಂದುಕೊಳ್ಳುತ್ತಾನೆ.

ಈಚೆಗೆ ಇವೆಲ್ಲವನ್ನೂ ಅರೆದು ‘ನೀರಿನ ಗುಣಮಟ್ಟ ಸೂಚ್ಯಂಕ’ ಎಂಬ ಒಂದೇ ಅಂಕ ಮಾಡಿ, ನಕ್ಷೆಗೆ ಹಸಿರು ಹಳದಿ ಕೆಂಪು ಬಳಿಯುವುದು ಸಂಶೋಧನಾ ಪ್ರಬಂಧಗಳ ರೂಢಿ. ಜಿಲ್ಲೆಯ ಒಟ್ಟು ಚಿತ್ರಕ್ಕೆ ಅದು ಇರಲಿ. ಮನೆಯ ಬೋರಿಗೆ ಅದನ್ನು ನಂಬುವುದು ನನಗೆ ಸರಿಕಾಣುವುದಿಲ್ಲ. ಒಂಬತ್ತು ವಿಷಯದಲ್ಲಿ ಡಿಸ್ಟಿಂಕ್ಷನ್ ಬಂದು ಒಂದರಲ್ಲಿ ಫೇಲಾದ ನೀರು ಸರಾಸರಿಯಲ್ಲಿ ಫಸ್ಟ್ ಕ್ಲಾಸ್ ಆಗಿಬಿಡಬಹುದು, ಫೇಲಾದ ಆ ಒಂದು ಫ್ಲೋರೈಡೇ ಇರಬಹುದು. ಈ ಪುಟ್ಟ ಪ್ರಯೋಗಾಲಯಕ್ಕೆ ಎಟುಕದ್ದೂ ಇದೆ: ಪೂರ್ವದ ಜಿಲ್ಲೆಗಳ ಆಳದ ಬೋರುಗಳಲ್ಲಿ ಕಂಡುಬಂದಿರುವ ಯುರೇನಿಯಂ ಅಳೆಯಲು ಬೇರೆ ಯಂತ್ರ ಬೇಕು, ಅದಕ್ಕೆ ಗೆರೆ ಲೀಟರಿಗೆ 30 ಮೈಕ್ರೋಗ್ರಾಂ. ಅಂಥ ಬಾಟಲಿಯನ್ನು ಇವರು ಬೆಂಗಳೂರಿಗೆ ಕಳಿಸುತ್ತಾರೆ.

ಆಕೆ ವರದಿಗೆ ಬಂದದ್ದು ಸೋಮವಾರ, ಸಂತೆಯ ದಿನ. ಕೆಮಿಸ್ಟರು ಸ್ಟೂಲು ಕೊಟ್ಟು ಕೂರಿಸಿ, ಹಾಳೆಯನ್ನು ತಿರುಗಿಸಿ ಹಿಡಿದು ಒಂದೊಂದೇ ಸಾಲು ಬೆರಳಿಟ್ಟು ಹೇಳಿದರು. ಕುಡಿಯೋಕೆ ಬೇಡ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತನ್ನಿ, ಮೊಮ್ಮಕ್ಕಳಿಗಂತೂ ಅದೇ ಕೊಡಿ. ತೋಟಕ್ಕೆ ಬಿಡಬಹುದು, ಜಿಪ್ಸಂ ಜತೆಗೆ, ಮಳೆ ಬಂದಾಗ ಹೊಲ ತೊಳೆಯಲಿ.

ಆಕೆ ಎಲ್ಲಕ್ಕೂ ತಲೆದೂಗಿ ಕೊನೆಗೆ ಕೇಳಿದರು. ‘ಅಡಿಗೇಗೆ ಆಗ್ತೈತಲ್ಲ ಸಾರ್? ಬ್ಯಾಳೆ ಎಷ್ಟು ಚೆನ್ನಾಗಿ ಬೇಯ್ತದೆ ಅಂತೀರಿ, ಎರಡು ಸೀಟಿ ಸಾಕು.’

‘ಬೇಯ್ದೆ ಏನಮ್ಮ ಮಾಡುತ್ತೆ? ಕಡಲೆ ಬೇಗ ಬೇಯ್ಲಿ ಅಂತ ನೀವು ಸೋಡಾ ಹಾಕ್ತೀರಲ್ಲ, ಈ ನೀರು ಸೋಡಾನ ಒಳಗೇ ಇಟ್ಕೊಂಡು ಬಂದಿದೆ.’ ಹಾಳೆಯ ಐದರ ಮೇಲೆ ಬೆರಳಿಟ್ಟರು. ‘ಲೀಟರಿಗೆ ನಾನೂರು ಮಿಲಿಗ್ರಾಂಗೂ ಮೇಲೆ. ಸುಣ್ಣ ಕಮ್ಮಿ, ಸೋಡಾ ಜಾಸ್ತಿ. ಬೇಳೆ ಬೇಯೋದೂ ಅದಕ್ಕೇ, ಹಲ್ಲು ಕಂದೋದೂ ಅದಕ್ಕೇ.’

ಆಕೆ ಸ್ವಲ್ಪ ಹೊತ್ತು ಹಾಳೆ ನೋಡಿದರು. ಆಮೇಲೆ ಮಡಿಸಿ ಸೆರಗಿಗೆ ಕಟ್ಟಿಕೊಂಡರು.

‘ನಮ್ಮತ್ತೆ ಕಾಲದ್ದು ಒಂದು ಸೇದೋ ಬಾವಿ ಐತೆ, ಕೆರೆ ಕೆಳಗೆ. ಗಡುಸು ಅಂತ ಯಾರೂ ಮುಟ್ಟಲ್ಲ. ಅದನ್ನ ತರ್ಲಾ?’

ಕೆಮಿಸ್ಟರು ಎದ್ದು ಇನ್ನೊಂದು ಬಿಳಿ ಬಾಟಲಿ ತಂದುಕೊಟ್ಟರು. ‘ತನ್ನಿ. ಮೂರು ಸಲ ತೊಳ್ದು.’